ಶಾಯಿ ಬೇಡ, ಬಿಸಿ ಬೇಡ: ಕಾರ್ಡ್ ಮೇಲೆ ಉಬ್ಬು ಚಿತ್ತಾರ ಮೂಡಿಸುವ ಡ್ರೈ ಎಂಬಾಸಿಂಗ್ ಮಾಡುವುದು ಹೇಗೆ?

ಕೈಯಾರೆ ಮಾಡಿದ ಶುಭಾಶಯ ಪತ್ರದ ಮೇಲೆ ಬಣ್ಣವಿಲ್ಲದೆಯೂ ಹೂವು, ಬಳ್ಳಿ ಎದ್ದು ಕಾಣುವಂತೆ ಮಾಡುವ ವಿಧಾನವೇ ಡ್ರೈ ಎಂಬಾಸಿಂಗ್. ಇದಕ್ಕೆ ಬೇಕಿರುವುದು ಒತ್ತಡ ಮಾತ್ರ. ಆದರೆ ಒತ್ತಡ ಸ್ವಲ್ಪ ಹೆಚ್ಚಾದರೂ ಕಾಗದ ಹರಿಯುತ್ತದೆ. ಒಮ್ಮೆ ಹರಿದರೆ ಮತ್ತೆ ಹೊಸ ಕಾರ್ಡ್‌ನಿಂದಲೇ ಆರಂಭಿಸಬೇಕು.

ಹೀಟ್ ಎಂಬಾಸಿಂಗ್‌ಗಿಂತ ಹೇಗೆ ಭಿನ್ನ?

ಹೀಟ್ ಎಂಬಾಸಿಂಗ್‌ನಲ್ಲಿ ಒದ್ದೆ ಶಾಯಿಯ ಮೇಲೆ ವಿಶೇಷ ಪುಡಿ ಉದುರಿಸಿ, ಬಿಸಿಗಾಳಿಯಿಂದ ಕರಗಿಸಲಾಗುತ್ತದೆ. ಅಲ್ಲಿ ಉಬ್ಬುವುದು ಪುಡಿ. ಡ್ರೈ ಎಂಬಾಸಿಂಗ್‌ನಲ್ಲಿ ಕಾಗದದ ನಾರುಗಳೇ ಹಿಗ್ಗಿ ಆಕಾರ ಪಡೆಯುತ್ತವೆ. ಹಾಗಾಗಿ ಕಾಗದದ ಆಯ್ಕೆಯೇ ಇಲ್ಲಿ ಮುಖ್ಯ.

ಯಾವ ಕಾಗದ ಸೂಕ್ತ?

ಸುಮಾರು 200ರಿಂದ 250 ಜಿಎಸ್‌ಎಂ ದಪ್ಪದ ಕಾಗದ ಕೈಕೆಲಸಕ್ಕೆ ಹೊಂದುತ್ತದೆ. 70-80 ಜಿಎಸ್‌ಎಂನ ಪ್ರಿಂಟರ್ ಕಾಗದ ಸುಲಭವಾಗಿ ಹರಿಯುತ್ತದೆ. ಹೊಳಪಿನ ಲೇಪನವಿರುವ ಕಾಗದದಲ್ಲಿ ಬಿರುಕು ಮೂಡಬಹುದು. ಜೈಪುರ ಬಳಿಯ ಸಾಂಗಾನೇರ್‌ನಲ್ಲಿ ತಯಾರಾಗುವಂಥ ಹತ್ತಿಯ ಕೈಕಾಗದದ ನಾರು ಗಟ್ಟಿ. ಆದರೆ ಮೇಲ್ಮೈ ಒರಟಾಗಿದ್ದರೆ ಸೂಕ್ಷ್ಮ ಗೆರೆಗಳು ಮಸುಕಾಗುತ್ತವೆ.

ಮನೆಯಲ್ಲೇ ಮಾಡುವ ವಿಧಾನ

1. ಲೋಹದ ಅಥವಾ ಪ್ಲಾಸ್ಟಿಕ್ ಸ್ಟೆನ್ಸಿಲ್ ಅನ್ನು ಕಾರ್ಡ್‌ನ ಮುಂಭಾಗಕ್ಕೆ, ಸುಲಭವಾಗಿ ಕೀಳಬಹುದಾದ ಟೇಪ್‌ನಿಂದ ಅಂಟಿಸಿ.
2. ಕಾರ್ಡ್ ಅನ್ನು ಬೋರಲು ಮಾಡಿ ಲೈಟ್ ಬಾಕ್ಸ್ ಮೇಲಿಡಿ. ಹಗಲಿನಲ್ಲಿ ಕಿಟಕಿಯ ಗಾಜೂ ಸಾಕು.
3. ಹಿಂಭಾಗಕ್ಕೆ ಮೇಣದ ಕಾಗದವನ್ನು ಉಜ್ಜಿ. ಇದರಿಂದ ಸ್ಟೈಲಸ್ ಸರಾಗವಾಗಿ ಜಾರುತ್ತದೆ.
4. ಗುಂಡು ತುದಿಯ ಸ್ಟೈಲಸ್‌ನಿಂದ ಆಕೃತಿಯ ಅಂಚಿನುದ್ದಕ್ಕೂ ಒತ್ತಿ. ಮೊದಲು ದೊಡ್ಡ ತುದಿ, ನಂತರ ಸಣ್ಣ ತುದಿ ಬಳಸಿ. ಒಂದೇ ಸಲ ಜೋರಾಗಿ ಒತ್ತುವ ಬದಲು ಹಗುರವಾಗಿ ಎರಡು-ಮೂರು ಬಾರಿ ಒತ್ತಿ.

ಹೆಸರು ಬರೆಯುವಾಗ ಎಚ್ಚರ

ಒತ್ತುವುದು ಹಿಂಭಾಗದಿಂದ. ಆದ್ದರಿಂದ ಕೆಲಸ ಮಾಡುವಾಗ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರಬೇಕು. ಸ್ಲೇಟ್ ಮತ್ತು ಸ್ಟೈಲಸ್ ಬಳಸಿ ಬ್ರೈಲ್ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುವುದೂ ಇದೇ ಕಾರಣಕ್ಕೆ.

ಹೆಚ್ಚು ಕಾರ್ಡ್ ಬೇಕಿದ್ದರೆ?

ಎಂಬಾಸಿಂಗ್ ಫೋಲ್ಡರ್‌ನ ಒಂದು ಬದಿಯಲ್ಲಿ ಉಬ್ಬು, ಇನ್ನೊಂದು ಬದಿಯಲ್ಲಿ ಅದಕ್ಕೆ ಹೊಂದುವ ತಗ್ಗು ಇರುತ್ತದೆ. ನಡುವೆ ಕಾರ್ಡ್ ಇಟ್ಟು ಕೈಯಿಂದ ತಿರುಗಿಸುವ ರೋಲರ್ ಯಂತ್ರದಲ್ಲಿ ಹಾಯಿಸಿದರೆ ಇಡೀ ವಿನ್ಯಾಸ ಒಮ್ಮೆಲೇ ಮೂಡುತ್ತದೆ. ಮೊದಲು ಅದೇ ಕಾಗದದ ತುಂಡಿನಲ್ಲಿ ಪರೀಕ್ಷಿಸುವುದು ಒಳ್ಳೆಯದು.

ಸಿದ್ಧವಾದ ಕಾರ್ಡ್‌ಗಳ ಮೇಲೆ ಭಾರ ಹೇರಬೇಡಿ, ಉಬ್ಬು ತಗ್ಗುತ್ತದೆ. ಅಂಚೆಯಲ್ಲಿ ಕಳುಹಿಸುವಾಗ ಎರಡೂ ಬದಿಗೆ ರಟ್ಟು ಇಟ್ಟರೆ ಕಾರ್ಡ್ ಮಡಚಿಕೊಳ್ಳದು.