ಡಬಲ್ ಎಡ್ಜ್ ರೇಜರಿನ ಗುಣಪರೀಕ್ಷೆ: ಚಿತ್ರದುರ್ಗ ಸೀಮೆಯ ನೀರನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

1. ವ್ಯಾಪ್ತಿ

ಈಗಿನ ಡಬಲ್ ಎಡ್ಜ್ ಸೇಫ್ಟಿ ರೇಜರುಗಳ ಬಗ್ಗೆ ಬಳಕೆದಾರರು ಕೊಡುವ ತೀರ್ಪುಗಳಲ್ಲಿ ‘ನಯ’, ‘ಒರಟು’ ಎಂಬ ಎರಡು ಮಾತು ಪದೇ ಪದೇ ಬರುತ್ತವೆ. ಇವು ರೇಜರಿಗೆ ಎಷ್ಟು ಸಲ್ಲುತ್ತವೆ, ಒಳಗಿನ ಬ್ಲೇಡಿಗೆ ಎಷ್ಟು, ನೊರೆ ಎಬ್ಬಿಸಿದ ನೀರಿಗೆ ಎಷ್ಟು ಎಂಬುದನ್ನು ಬಿಡಿಸಿ ನೋಡುವುದು ಇಲ್ಲಿಯ ಉದ್ದೇಶ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನು ಆಯ್ದುಕೊಳ್ಳಲು ಕಾರಣ ಈ ಮೂರನೆಯ ಅಂಶ. ಇಲ್ಲಿ ಒಂದೇ ಮನೆಯ ತೊಟ್ಟಿಗೆ ಒಂದು ದಿನ ನಲ್ಲಿಯ ನೀರು, ಇನ್ನೊಂದು ದಿನ ಬೋರಿನ ನೀರು ಬೀಳುವುದುಂಟು. ಹೊಸ ಪ್ರಯೋಗದ ಫಲಿತಾಂಶಗಳನ್ನು ಮಂಡಿಸುತ್ತಿಲ್ಲ. ಅಂಥ ಪ್ರಯೋಗಕ್ಕೆ ಇಳಿಯುವವರು ಏನನ್ನು ಅಳೆಯಬಹುದು, ಅಳತೆಯಿಂದ ಎಷ್ಟು ದೂರ ಹೋಗಬಹುದು ಎಂಬುದಷ್ಟೇ ವಿಷಯ.

2. ಕಾಲನಿರ್ದೇಶ ಮತ್ತು ಒಂದು ವ್ಯತ್ಯಾಸ

ಡಬಲ್ ಎಡ್ಜ್ ರೇಜರಿಗೆ ಪೇಟೆಂಟ್ ಪಡೆದ ಕಿಂಗ್ ಕ್ಯಾಂಪ್ ಜಿಲೆಟ್ ಅವರ ರೇಜರಿಗೆ 1901, 1903, 1904 ಎಂಬ ಮೂರು ವರ್ಷಗಳನ್ನು ಹೇಳುವುದು ರೂಢಿ. ಮೂರೂ ಸರಿ, ಆದರೆ ಬೇರೆ ಬೇರೆ ಘಟನೆಗಳಿಗೆ: ಪೇಟೆಂಟ್ ಅರ್ಜಿ ಸಲ್ಲಿಸಿದ್ದು 1901ರ ಡಿಸೆಂಬರ್, ಮಾರಾಟ ಆರಂಭವಾದದ್ದು 1903, 775134 ಸಂಖ್ಯೆಯ ಅಮೆರಿಕನ್ ಪೇಟೆಂಟ್ ಮಂಜೂರಾದದ್ದು 1904ರ ನವೆಂಬರ್ 15. ತೆಳುವಾದ ಉಕ್ಕಿನ ಪಟ್ಟಿಯನ್ನು ಹದಗೊಳಿಸಿ ಅಂಚು ಕೊಡುವ ವಿಧಾನವನ್ನು ರೂಪಿಸಿದವರು ವಿಲಿಯಂ ನಿಕರ್ಸನ್.

ಮಾರಾಟದ ಅಂಕಿಗಳು ಇಷ್ಟು ಸುಲಭವಾಗಿ ಹೊಂದುವುದಿಲ್ಲ. 1903ಕ್ಕೆ 51 ರೇಜರು, 168 ಬ್ಲೇಡು ಎಂಬಲ್ಲಿ ಸಹಮತವಿದೆ. 1904ಕ್ಕೆ 90,884 ರೇಜರು, 1,23,648 ಬ್ಲೇಡು ಎಂದು ಕೆಲವರು, ಸುಮಾರು 1.24 ಕೋಟಿ ಬ್ಲೇಡು ಎಂದು ಬೇರೆ ಕೆಲವರು ಬರೆಯುತ್ತಾರೆ. ಆರಂಭದ ಸೆಟ್ಟಿನಲ್ಲಿ 20 ಬ್ಲೇಡುಗಳಿದ್ದವು. ಆ ಲೆಕ್ಕದಲ್ಲಿ ಸೆಟ್ಟುಗಳ ಜೊತೆಗೇ 18 ಲಕ್ಷಕ್ಕೂ ಹೆಚ್ಚು ಬ್ಲೇಡು ಹೋಗಿರಬೇಕು. ಆದ್ದರಿಂದ ಮೊದಲನೆಯ ಅಂಕಿ ಒಟ್ಟು ಬ್ಲೇಡುಗಳದ್ದಾಗಿರುವ ಸಂಭವ ಕಡಿಮೆ. ಬಿಡಿಯಾಗಿ ಮಾರಿದ ಬ್ಲೇಡುಗಳದ್ದೋ ಪೊಟ್ಟಣಗಳದ್ದೋ ಇರಬಹುದು. ಎರಡು ಅಂಕಿಗಳ ನಡುವೆ ಸುಮಾರು ನೂರು ಪಟ್ಟು ಅಂತರವಿರುವುದರಿಂದ ನಕಲಿನ ದೋಷವನ್ನೂ ತಳ್ಳಿಹಾಕಲಾಗದು. ಯಾವುದರ ಎಣಿಕೆ ಎಂದು ಹೇಳದ ಅಂಕಿ ನೂರು ವರ್ಷ ಹೀಗೆ ಸಾಗಿಬಂದಿದೆ. ಮುಂದಿನ ಭಾಗದ ‘ಗ್ಯಾಪ್’ ಅಂಕಿಗಳಿಗೂ ಇದೇ ತೊಡಕಿದೆ.

3. ತಲೆಯ ರಚನೆ

ಡಬಲ್ ಎಡ್ಜ್ ಬ್ಲೇಡಿನ ಅಗಲ ಸುಮಾರು 22 ಮಿ.ಮೀ., ಉದ್ದ 43 ಮಿ.ಮೀ., ದಪ್ಪ 0.1 ಮಿ.ಮೀ. ಮೇಲಿನ ಮುಚ್ಚಳ ಮತ್ತು ಕೆಳಗಿನ ತಟ್ಟೆಯ ನಡುವೆ ಅದು ಬಾಗಿ ಕೂರುತ್ತದೆ. ಕೆಲಸವನ್ನು ನಿರ್ಧರಿಸುವ ಅಂಶಗಳು ಕನಿಷ್ಠ ಮೂರು: ಅಂಚಿಗೂ ಕೆಳಗಿನ ತಡೆಪಟ್ಟಿಗೂ ಇರುವ ಅಂತರ, ಅಂದರೆ ಗ್ಯಾಪ್, ಮುಚ್ಚಳ ಮತ್ತು ತಡೆಪಟ್ಟಿಯನ್ನು ಮುಟ್ಟುವ ಸ್ಪರ್ಶರೇಖೆಯಿಂದ ಅಂಚು ಎಷ್ಟು ಹೊರಗೆ ಅಥವಾ ಒಳಗೆ ಇದೆ ಎಂಬುದು, ಅಂದರೆ ಎಕ್ಸ್‌ಪೋಷರ್, ಮತ್ತು ಚರ್ಮಕ್ಕೆ ಅಂಚು ತಾಗುವ ಕೋನ. ತಯಾರಕರು ಸಾಮಾನ್ಯವಾಗಿ ಪ್ರಕಟಿಸುವುದು ಗ್ಯಾಪ್ ಒಂದನ್ನೇ. ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂಬುದನ್ನು ಎಲ್ಲರೂ ಹೇಳುವುದಿಲ್ಲ. ಹಾಗಾಗಿ ಎರಡು ಕಂಪನಿಗಳ ಗ್ಯಾಪ್ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ‘ಇದು ಅದಕ್ಕಿಂತ ಒರಟು’ ಎನ್ನುವುದು ಆಧಾರವಿಲ್ಲದ ಮಾತು.

ಅಳೆಯುವ ಸಾಧನದ ಮಿತಿಯನ್ನೂ ಹೇಳಬೇಕು. ಸಾಮಾನ್ಯ ವರ್ನಿಯರಿನ ಕನಿಷ್ಠ ಅಳತೆ 0.02 ಮಿ.ಮೀ. 0.68 ಮತ್ತು 0.71 ಎಂಬ ಎರಡು ಗ್ಯಾಪುಗಳನ್ನು ಅದರಿಂದ ಭರವಸೆಯಿಂದ ಬೇರ್ಪಡಿಸಲಾಗದು. ಗ್ಯಾರೇಜಿನಲ್ಲಿ ಸಿಗುವ ಫೀಲರ್ ಗೇಜು ಈ ಕೆಲಸಕ್ಕೆ ಹೆಚ್ಚು ತಕ್ಕದ್ದು, ಆದರೆ ಅದನ್ನು ತುರುಕುವಾಗ ಬ್ಲೇಡೇ ಬಾಗಿದರೆ ಅಳತೆ ಕೆಡುತ್ತದೆ.

ಅಂಚು ಎರಡೂ ಬದಿ ಸಮನಾಗಿ ಚಾಚಿದೆಯೇ ಎಂಬುದು ಬರಿಗಣ್ಣಿಗೆ ಕಾಣುವ ಪರೀಕ್ಷೆ, ಈ ಟಿಪ್ಪಣಿಯ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದೂ ಹೌದು. ಓರೆ ಕಂಡರೆ ರೇಜರನ್ನು ಕೂಡಲೇ ದೂರಬಾರದು. ಬ್ಲೇಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಬೇಕು. ಓರೆ ಬ್ಲೇಡಿನ ಜೊತೆ ತಿರುಗಿದರೆ ತಪ್ಪು ಬ್ಲೇಡಿನ ಕತ್ತರಿಕೆಯದು. ತಲೆಯ ಅದೇ ಬದಿಯಲ್ಲಿ ಉಳಿದರೆ ರೇಜರಿನದು. ಸೋಲಿಂಗೆನ್ನಿನ ಮರ್ಕೂರ್ 34ಸಿಯಂಥ ಎರಡು ಭಾಗದ ರೇಜರಿಗೂ ಭಾರತದಲ್ಲಿ ತಯಾರಾಗುವ ಪಾರ್ಕರ್ 99ಆರ್‌ನಂಥ ಬಟರ್‌ಫ್ಲೈ ಬಾಗಿಲಿನ ರೇಜರಿಗೂ ಈ ಪರೀಕ್ಷೆ ಒಂದೇ. ಎರಡನೆಯದರಲ್ಲಿ ಚಲಿಸುವ ಭಾಗಗಳು ಹೆಚ್ಚಾದ್ದರಿಂದ ಪರೀಕ್ಷೆಯನ್ನು ಹಲವು ಸಲ ಮಾಡಬೇಕಾಗುತ್ತದೆ.

ತೂಕ ಗುಣಮಟ್ಟದ ಸಾಕ್ಷ್ಯವಲ್ಲ. ಅಗ್ಗದ ಮತ್ತು ಮಧ್ಯಮ ಬೆಲೆಯ ತಲೆಗಳು ಬಹುಪಾಲು ಸತುವಿಗೆ ಸುಮಾರು ಶೇ 4ರಷ್ಟು ಅಲ್ಯೂಮಿನಿಯಂ ಸೇರಿದ ಜಮಾಕ್ ಮಿಶ್ರಲೋಹದ ಎರಕ, ಮೇಲೆ ಕ್ರೋಮಿಯಂ ಲೇಪ. ಲೇಪ ಸುಲಿದಲ್ಲಿ ಸತು ಕ್ಷಯಿಸತೊಡಗುತ್ತದೆ. ನೋಡಬೇಕಾದದ್ದು ಹೊಳೆಯುವ ಹೊರಮೈಯನ್ನಲ್ಲ. ಸ್ಕ್ರೂವಿನ ಎಳೆ ಮತ್ತು ಮುಚ್ಚಳದ ಒಳಮೈಯನ್ನು.

4. ಬ್ಲೇಡು

ಬ್ಲೇಡಿನ ಉಕ್ಕು ಸಾಮಾನ್ಯವಾಗಿ ಶೇ 13ರ ಆಸುಪಾಸು ಕ್ರೋಮಿಯಂ, ಶೇ 0.65ರ ಆಸುಪಾಸು ಇಂಗಾಲ ಇರುವ ಸ್ಟೇನ್‌ಲೆಸ್. ಕೂದಲಿಗಿಂತ ಸುಮಾರು 50 ಪಟ್ಟು ಗಡಸಾದ ಈ ಅಂಚು ಮೊಂಡಾಗುವುದೇಕೆ ಎಂಬುದಕ್ಕೆ 2020ರ ಆಗಸ್ಟಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎಂಐಟಿಯ ತಂಡವೊಂದು ಉತ್ತರ ಕೊಟ್ಟಿತು. ಅಂಚು ಬರೀ ಸವೆಯುವುದಿಲ್ಲ. ಕೂದಲು ಓರೆಯಾಗಿ ಬಾಗಿದಾಗ, ಉಕ್ಕಿನ ಸೂಕ್ಷ್ಮರಚನೆ ಏಕರೂಪವಲ್ಲದ ಕಡೆ ಅಂಚು ಚಕ್ಕೆಯಾಗಿ ಸಿಡಿಯುತ್ತದೆ. ಇದರಿಂದ ಬ್ಲೇಡನ್ನು ಬಿಗಿಯಾಗಿ ಹಿಡಿಯುವ ರೇಜರಿನಲ್ಲಿ ಅಂಚು ಹೆಚ್ಚು ಬಾಳುತ್ತದೆಂದು ತರ್ಕಿಸಬಹುದು, ಆದರೆ ಆ ಪ್ರಬಂಧ ರೇಜರುಗಳನ್ನು ಹೋಲಿಸಿದ್ದಲ್ಲ.

2011ರ ಲೀಗಲ್ ಮೆಟ್ರಾಲಜಿ ನಿಯಮಗಳಂತೆ ಪೊಟ್ಟಣದ ಮೇಲೆ ತಯಾರಕರ ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ ಇರುತ್ತವೆ. ಅಂಗಡಿಯಲ್ಲಿ ಒಂದೇ ಬ್ಲೇಡು ಬಿಡಿಯಾಗಿ ಕೊಂಡರೆ ಇವು ಪೊಟ್ಟಣದ ಜೊತೆ ಅಂಗಡಿಯಲ್ಲೇ ಉಳಿಯುತ್ತವೆ. ಹೋಲಿಕೆಗೆ ಒಡೆಯದ ಪೊಟ್ಟಣವೇ ಬೇಕು. ಕಟಿಂಗ್ ಶಾಪಿನಲ್ಲಿ ಇದೇ ಬ್ಲೇಡನ್ನು ಅರ್ಧ ಮುರಿದು ಕತ್ತಿಯ ಹಿಡಿಗೆ ಹಾಕುತ್ತಾರೆ. ಅಲ್ಲಿ ಕೋನವನ್ನು ನಿರ್ಧರಿಸುವುದು ಕೆಲಸಗಾರರ ಕೈ. ಆ ಅನುಭವವನ್ನು ರೇಜರಿನ ತೀರ್ಪಿಗೆ ಸೇರಿಸಬಾರದು.

5. ನೀರು

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಕೂಡಿ ಕರಗದ ಗಸಿಯಾಗುತ್ತವೆ. ಕುಡಿಯುವ ನೀರಿನ ಮಾನಕ ಐಎಸ್ 10500:2012ರ ಪ್ರಕಾರ ಒಟ್ಟು ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿ.ಗ್ರಾಂ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಈ ಎರಡು ಮಿತಿಗಳಲ್ಲಿ ನೊರೆಗೆ ಆಗುವ ನಷ್ಟವನ್ನು ಲೆಕ್ಕ ಹಾಕಬಹುದು. ನೊರೆಗೆ 20 ಮಿ.ಲೀ. ನೀರು ಹಿಡಿದರೆ, ಸೋಡಿಯಂ ಸ್ಟಿಯರೇಟಿನ ಲೆಕ್ಕದಲ್ಲಿ 200ರ ನೀರು ಸುಮಾರು 25 ಮಿ.ಗ್ರಾಂ, 600ರ ನೀರು ಸುಮಾರು 74 ಮಿ.ಗ್ರಾಂ ಸಾಬೂನನ್ನು ಗಸಿಯಾಗಿಸುತ್ತದೆ. ಬ್ರಷ್ಷಿನ ಮೇಲಿನ ಕ್ರೀಮಿನಲ್ಲಿ 400 ಮಿ.ಗ್ರಾಂ ಸಾಬೂನು ಇದೆಯೆಂದು ಊಹಿಸಿದರೆ ನಷ್ಟ ಕ್ರಮವಾಗಿ ಶೇ 6 ಮತ್ತು ಶೇ 18. ಕ್ರೀಮುಗಳಲ್ಲಿ ಹಲವು ಕೊಬ್ಬಿನಾಮ್ಲಗಳೂ ಪೊಟ್ಯಾಸಿಯಂ ಲವಣಗಳೂ ಇರುವುದರಿಂದ ಇದು ಅಂದಾಜು ಮಾತ್ರ. ಆದರೂ ‘ಬೋರಿನ ನೀರಲ್ಲಿ ನೊರೆಯೇ ಬರೋದಿಲ್ಲ’ ಎಂಬ ಮಾತು ಉತ್ಪ್ರೇಕ್ಷೆ ಎನ್ನಲು ಸಾಕು; ಕ್ರೀಮು ಸ್ವಲ್ಪ ಹೆಚ್ಚು ಹಚ್ಚಿದರೆ ಕೊರತೆ ತುಂಬುತ್ತದೆ. ರೇಜರನ್ನು ಅದ್ದುವ ಮಗ್ಗಿನ ಲೆಕ್ಕ ಬೇರೆ. 600ರ ಅರ್ಧ ಲೀಟರ್ ನೀರು 1.8 ಗ್ರಾಮಿನಷ್ಟು ಸಾಬೂನನ್ನು ಗಸಿಯಾಗಿಸಬಲ್ಲದು. ಅದ್ದಿದ ನೊರೆಯೆಲ್ಲ ಗಸಿಯಾಗಿ ತಲೆಯ ಸಂದಿಯಲ್ಲಿ ಕೂರುವ ಸಂಭವವಿದೆ. ‘ರೇಜರ್ ಕಟ್ಟಿಕೊಳ್ಳುತ್ತದೆ’ ಎಂಬ ದೂರಿನಲ್ಲಿ ನೀರಿನ ಪಾಲು ಇಲ್ಲಿಂದ ಬರಬಹುದು.

ಈ ಜಿಲ್ಲೆಯಲ್ಲಿ ಒಂದು ಗೊಂದಲವನ್ನು ಬೇರೆಯಾಗಿ ಬಿಡಿಸಬೇಕು. ಚಿತ್ರದುರ್ಗದ ಅಂತರ್ಜಲ ಎಂದರೆ ಫ್ಲೋರೈಡ್ ಎಂಬ ಮಾತಿದೆ. ಫ್ಲೋರೈಡಿನ ನಕ್ಷೆಯನ್ನು ಗಡಸುತನದ ನಕ್ಷೆಯೆಂದು ಓದಬಾರದು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡು ಕ್ಯಾಲ್ಸಿಯಂ ಫ್ಲೋರೈಡಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಫ್ಲೋರೈಡು ಬಹಳವಿರುವ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವುದೇ ಸಾಮಾನ್ಯ. ಟಿಡಿಎಸ್ ಮೀಟರೂ ಗಡಸುತನವನ್ನು ಹೇಳುವುದಿಲ್ಲ. ಸವುಳು ನೀರಿನ ಅಡುಗೆ ಉಪ್ಪನ್ನೂ ಅದು ಎಣಿಸುತ್ತದೆ. ಬೇಕಾದದ್ದು ಇಡಿಟಿಎ ಟೈಟ್ರೇಶನ್.

ಬಿಸಿನೀರು ಇನ್ನೊಂದು ತೊಡಕು. ಅದು ಕೂದಲನ್ನು ಮೆದುವಾಗಿಸುತ್ತದೆ, ಜೊತೆಗೆ ಕುದಿಸಿದ್ದಾದರೆ ಬೈಕಾರ್ಬೊನೇಟಿನ ಗಡಸುತನವನ್ನೂ ಇಳಿಸುತ್ತದೆ. ಹಂಡೆಯ ತಳದ ಬಿಳಿ ಪೊರೆ ಹೀಗೆ ಇಳಿದದ್ದೇ. ಹೀಗಾಗಿ ಬಿಸಿ ಮತ್ತು ತಣ್ಣೀರಿನ ಹೋಲಿಕೆಯಲ್ಲಿ ಎರಡು ಕಾರಣಗಳು ಒಟ್ಟಿಗೆ ಬದಲಾಗುತ್ತವೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರನ್ನು ಹೋಲಿಕೆಯ ನೀರಾಗಿ ಇಟ್ಟುಕೊಳ್ಳುವುದು ಪ್ರಾಯೋಗಿಕ ದಾರಿ, ಅದನ್ನೂ ಟೈಟ್ರೇಶನ್ನಿಗೆ ಒಳಪಡಿಸಿದ ಮೇಲೆ.

6. ಮುಖದ ಮೇಲೆ

ಎರಡು ರೇಜರುಗಳ ಹೋಲಿಕೆಗೆ ಅರ್ಧ ಮುಖದ ವಿಧಾನ ಸಾಕು: ಒಂದೇ ಪೊಟ್ಟಣದ ಎರಡು ಹೊಸ ಬ್ಲೇಡು, ಒಂದೇ ಬಟ್ಟಲಿನ ನೊರೆ, ಯಾವ ಕೆನ್ನೆಗೆ ಯಾವ ರೇಜರ್ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವುದು, ಮುಂದಿನ ಸಲ ಕೆನ್ನೆ ಅದಲುಬದಲು. ಪಟಿಕ ಉಜ್ಜಿದಾಗಿನ ಉರಿಯನ್ನು ಸಣ್ಣ ಗೀರುಗಳ ಸೂಚಕವೆಂದು ಬಳಸುವುದು ರೂಢಿಯಲ್ಲಿದೆ. ಅದನ್ನು ಇದೆ ಅಥವಾ ಇಲ್ಲ ಎಂದಷ್ಟೇ ದಾಖಲಿಸುವುದು ಕ್ಷೇಮ. ಹತ್ತಕ್ಕೆ ಇಷ್ಟು ಎಂಬ ಅಂಕಕ್ಕೆ ಆಧಾರ ಕಾಣುವುದಿಲ್ಲ.

7. ದಾಖಲಾತಿ ಕುರಿತು

ಇಲ್ಲಿ ನಲ್ಲಿಯ ನೀರಿನ ಮೂಲವೂ ವರ್ಷದಿಂದ ವರ್ಷಕ್ಕೆ ಒಂದೇ ತೆರನಾಗಿರುವುದಿಲ್ಲ. 1898ರಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ತುಂಬಿದ್ದು 2022ರ ಸೆಪ್ಟೆಂಬರಿನಲ್ಲಿ, ಮತ್ತೆ 2025ರ ಜನವರಿಯಲ್ಲಿ. ಚಿತ್ರದುರ್ಗ ನಗರಕ್ಕೆ ಇದರ ಜೊತೆ ಶಾಂತಿಸಾಗರ ಕೆರೆಯ ನೀರೂ ಬರುತ್ತದೆ. ಹೊಸದುರ್ಗ, ಹೊಳಲ್ಕೆರೆಯ ತೋಟದ ಮನೆಗಳು ಬಹುಮಟ್ಟಿಗೆ ಕೊಳವೆಬಾವಿಯನ್ನೇ ನೆಚ್ಚಿವೆ. ಜಲಾಶಯ ಬತ್ತಿದ ವರ್ಷದ ತೀರ್ಪನ್ನೂ ತುಂಬಿದ ವರ್ಷದ ತೀರ್ಪನ್ನೂ, ರೇಜರ್ ಒಂದೇ ಆದರೂ, ಒಂದೇ ಪಟ್ಟಿಯಲ್ಲಿ ಸೇರಿಸುವುದು ಸಾಧುವಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ರೇಜರಿನ ಬಗ್ಗೆ ಬರೆದಿಡುವವರು ಮಾದರಿಯ ಹೆಸರಿನ ಜೊತೆಗೆ ಬ್ಲೇಡಿನ ತಯಾರಿಕೆಯ ತಿಂಗಳು, ನೀರಿನ ಮೂಲ, ಮೂಲ ಬದಲಾದ ದಿನ, ಈ ಮೂರನ್ನೂ ನಮೂದಿಸಬೇಕೆಂದು ವಿನಂತಿ.