ಮತ್ತಿಗಿರಿ ಸೀಮೆಯ ಕೆಮ್ಮಣ್ಣು: ಅರಿಯುವ ಬಗೆ, ಉಳಿಸುವ ಬಗೆ

ಮತ್ತಿಗಿರಿ ಎಂದೊಡನೆ ನೆನಪಾಗುವುದು ಇಲ್ಲಿನ ಜಾನುವಾರು ಕ್ಷೇತ್ರ. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಆರಂಭವಾದ ಈ ಕ್ಷೇತ್ರವು 1,600 ಎಕರೆಗೂ ಹೆಚ್ಚು ವಿಸ್ತಾರವಾಗಿದೆ. ಅದರ ಸುತ್ತಲಿನ ಹೊಲಗಳು ತಲೆಮಾರುಗಳಿಂದ ರಾಗಿಯ ಹೊಲಗಳು. 1970ರ ದಶಕದಲ್ಲಿ ಹೊಸೂರಿಗೆ ಕೈಗಾರಿಕಾ ವಸಾಹತು ಬಂದ ಬಳಿಕ ಹೊಲಗಳು ಒಂದೊಂದಾಗಿ ನಿವೇಶನಗಳಾಗುತ್ತಿವೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಮನೆಗಳಲ್ಲಿ ಉಳಿದಿರುವುದು ಒಂದೋ ಎರಡೋ ಎಕರೆ. ಆ ಮಣ್ಣಿನ ಗುಣವನ್ನು ಅರಿತು ಕಾಪಾಡಿಕೊಳ್ಳುವುದಕ್ಕೆ ಬೇಕಾದ ವಿವರಗಳನ್ನು ಇಲ್ಲಿ ನೀಡುತ್ತಿದ್ದೇವೆ.

ಮಣ್ಣಿನೊಳಗೆ ಏನಿದೆ?

ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಶೇ. 45 ಭಾಗ ಖನಿಜ ಕಣಗಳು, ಶೇ. 5 ಭಾಗ ಸಾವಯವ ವಸ್ತು; ಉಳಿದರ್ಧದಲ್ಲಿ ನೀರು ಮತ್ತು ಗಾಳಿ. ನಮ್ಮ ಸೀಮೆಯ ಮಣ್ಣು ಕಗ್ಗಲ್ಲು ಶಿಥಿಲಗೊಂಡು ಆದದ್ದು. ಕಬ್ಬಿಣದ ಅಂಶದಿಂದ ಅದಕ್ಕೆ ಕೆಂಪು ಬಣ್ಣ. ಕೆಮ್ಮಣ್ಣಿನಲ್ಲಿ ಸಾವಯವ ಅಂಶ ಸ್ವಭಾವತಃ ಕಡಿಮೆ. ಅದು ನೀರನ್ನು ಬಹುಕಾಲ ಹಿಡಿದಿಡಲಾರದು. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕು. ಅದೇ ಮಣ್ಣು ಇಟ್ಟಿಗೆ ಗೂಡಿಗೋ ನಿವೇಶನದ ಹಳ್ಳ ತುಂಬಲೋ ಲಾರಿಯಲ್ಲಿ ಹೋಗಲು ಒಂದು ದಿನ ಸಾಕು.

ತರಗತಿಯಲ್ಲಿ ನಾವು ಮಾಡಿಸುವ ಸರಳ ಪ್ರಯೋಗವೊಂದನ್ನು ಮನೆಯಲ್ಲಿಯೂ ಮಾಡಬಹುದು. ಉತ್ತ ಹೊಲದ ಒಣ ಹೆಂಟೆಯೊಂದನ್ನು, ಬದುವಿನ ಮರದಡಿಯ ಹೆಂಟೆಯೊಂದನ್ನು ಬೇರೆ ಬೇರೆ ಲೋಟದ ನೀರಿನಲ್ಲಿ ಮೆಲ್ಲಗೆ ಇಳಿಬಿಡಿ. ಸಾವಯವ ಅಂಶವಿರುವ ಹೆಂಟೆ ಬಹಳ ಹೊತ್ತು ಹಾಗೆಯೇ ನಿಲ್ಲುತ್ತದೆ; ಇಲ್ಲದ್ದು ಬೇಗನೆ ಕುಸಿದು ನೀರು ಕದಡುತ್ತದೆ. ಜೋರು ಮಳೆಯಲ್ಲಿ ಹೊಲದ ಮಣ್ಣಿಗೆ ಆಗುವುದೂ ಇದೇ.

ಹಿರಿಯರ ಕ್ರಮ

ನಮ್ಮ ಹಿರಿಯರು ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಿದ್ದರು. ಅವರೆ, ತೊಗರಿಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಸಸ್ಯಕ್ಕೆ ಒದಗಿಸುತ್ತವೆ. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಹಟ್ಟಿಯ ಗೊಬ್ಬರ ತಪ್ಪದೆ ಬೀಳುತ್ತಿತ್ತು. ಇಂದು ಮನೆಗಳಲ್ಲಿ ದನಗಳು ಕಡಿಮೆಯಾಗಿವೆ. ಗೊಬ್ಬರವೆಂದರೆ ಚೀಲದ ಗೊಬ್ಬರ ಎಂಬಂತಾಗಿದೆ. ಚೀಲದ ಗೊಬ್ಬರ ಬೆಳೆಗೆ ಪೋಷಕಾಂಶ ಕೊಡುತ್ತದೆ, ಆದರೆ ಹಟ್ಟಿಗೊಬ್ಬರದಂತೆ ಮಣ್ಣಿಗೆ ಸಾವಯವ ವಸ್ತುವನ್ನು ಸೇರಿಸುವುದಿಲ್ಲ.

ಮಣ್ಣಿನ ಪರೀಕ್ಷೆ

ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿಯ ಯೋಜನೆ 2015ರ ಫೆಬ್ರುವರಿ 19ರಂದು ಆರಂಭವಾಯಿತು. ಚೀಟಿಯಲ್ಲಿ 12 ಅಂಶಗಳ ವಿವರವಿರುತ್ತದೆ. ಮಾದರಿಯನ್ನು ಬಿತ್ತನೆಗೆ ಮೊದಲು, ಗೊಬ್ಬರ ಹಾಕುವ ಮುನ್ನ ತೆಗೆಯಬೇಕು. ಹೊಲದಲ್ಲಿ ಓರೆಕೋರೆಯಾಗಿ ನಡೆದು 10ರಿಂದ 15 ಕಡೆ, 15 ಸೆಂಟಿಮೀಟರ್ ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೋಡಿ, ಅದರ ಬದಿಯಿಂದ ಮಣ್ಣು ಕೆರೆದುಕೊಳ್ಳಬೇಕು. ಬದು, ತಿಪ್ಪೆ, ಮರದ ಬುಡದ ಮಣ್ಣು ಬೇಡ. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಡುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ, ಕೃಷಿ ವಿಸ್ತರಣಾ ಕೇಂದ್ರದಲ್ಲಿ ವಿಚಾರಿಸಿ ಕೊಡಬೇಕು.

ಫಲಿತಾಂಶವನ್ನು ಓದುವುದು

ಫಲಿತಾಂಶ ತಮಿಳಿನಲ್ಲಿ ಬಂದಿತೆಂದು ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಡಬಾರದು. ಮೂರು ಪದಗಳು ಮುಖ್ಯ. ‘ತಳೈಚ್ಚತ್ತು’ ಎಂದರೆ ಸಾರಜನಕ. ಎಲೆಯ ಬೆಳವಣಿಗೆಗೆ ಬೇಕಾದ್ದು. ‘ಮಣಿಚ್ಚತ್ತು’ ಎಂದರೆ ರಂಜಕ. ಬೇರಿಗೂ ಕಾಳಿಗೂ ಬೇಕಾದ್ದು. ‘ಸಾಂಬಲ್ ಸತ್ತು’ ಎಂದರೆ ಪೊಟ್ಯಾಷ್; ‘ಸಾಂಬಲ್’ ಎಂದರೆ ಬೂದಿ. ಶಾಲೆಯಲ್ಲಿ ಎರಡೂ ಭಾಷೆ ಕಲಿಯುತ್ತಿರುವ ಮಕ್ಕಳು ಇದನ್ನು ಅಜ್ಜ ಅಜ್ಜಿಯರಿಗೆ ಓದಿ ಹೇಳಬಲ್ಲರು.

ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಕೊರತೆ, ಶೇ. 0.75ಕ್ಕಿಂತ ಹೆಚ್ಚಿದ್ದರೆ ಉತ್ತಮ. ರಸಸಾರ 6.5ರಿಂದ 7.5ರ ನಡುವೆ ಇದ್ದರೆ ಹೆಚ್ಚಿನ ಬೆಳೆಗಳಿಗೆ ಅನುಕೂಲ. ಕೆಲವರಪಳ್ಳಿ ಜಲಾಶಯಕ್ಕೆ ದಕ್ಷಿಣ ಪಿನಾಕಿನಿಯ ಮೂಲಕ ಬೆಂಗಳೂರಿನ ಕೊಳಚೆ ಹರಿದುಬಂದು ನೊರೆಯೇಳುವುದನ್ನು ನಾವೆಲ್ಲರೂ ಬಲ್ಲೆವು. ಆ ನೀರು ಹಾಯುವ ಹೊಲದವರು ಲವಣಾಂಶವನ್ನು ಸೂಚಿಸುವ ವಿದ್ಯುತ್ ವಾಹಕತೆಯ ಅಂಕಿಯನ್ನು ತಪ್ಪದೆ ಗಮನಿಸಬೇಕು.

ಮನೆಮನೆಯಲ್ಲಿ ಮಾಡಬಹುದಾದುದು

ರಾಗಿಯ ಕೂಳೆಯನ್ನೂ ಒಣ ಎಲೆಯನ್ನೂ ಸುಡದೆ ಕಾಂಪೋಸ್ಟ್ ಗುಂಡಿಗೆ ಹಾಕೋಣ. ಇಳಿಜಾರಿಗೆ ಅಡ್ಡಲಾಗಿ ಉಳೋಣ, ಬದುವನ್ನು ಬಲಪಡಿಸೋಣ. ಒಂದು ಬೆಳೆಯಾದ ಮೇಲೆ ಹುರುಳಿ ಬಿತ್ತಿ ನೆಲವನ್ನು ಹಸಿರಾಗಿಡೋಣ. ಅನುಮತಿ ಪಡೆದು ಕೆರೆಯ ಗೋಡನ್ನು ತರೋಣ. ಮೇಲ್ಮಣ್ಣನ್ನು ಮಾತ್ರ ಎಷ್ಟೇ ಬೆಲೆ ಬಂದರೂ ಮಾರದಿರೋಣ.

ಡಿಸೆಂಬರ್ 5 ವಿಶ್ವ ಮಣ್ಣಿನ ದಿನ. ಅಂದು ಭಾಷಣ ಮುಗಿಸಿ ಮನೆಗೆ ಬರುವ ಮಗುವಿನ ಕೈಗೆ ಮನೆಯ ಹೊಲದ ಚೀಟಿಯನ್ನು ಕೊಟ್ಟು ಓದಿಸಿರಿ. ಮಣ್ಣು ಉಳಿದರೆ ಹೊಲವನ್ನು ಮಾರುವ ಮಾತು ತಡವಾಗುತ್ತದೆ. ಹೊಲವಿದ್ದಷ್ಟು ದಿನ ನಮ್ಮ ಊರುಗಳಲ್ಲಿ ನಮ್ಮ ಮನೆಗಳೂ, ನಮ್ಮ ಶಾಲೆಗಳೂ ಇರುತ್ತವೆ.