ರಿಜಿಸ್ಟರಿನಲ್ಲಿ ಹುಟ್ಟಿದವರು

ಅಪರಾಧಶಾಸ್ತ್ರದ ಪಾಠ ಎಲ್ಲ ಕಡೆ ಲೊಂಬ್ರೋಸೊನಿಂದಲೇ ಸುರುವಾಗುತ್ತದೆ. ಧಾರವಾಡದಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲ ನಾನೂ ಹಾಗೇ ಸುರು ಮಾಡುತ್ತಿದ್ದೆ. ಇಟಲಿಯ ಈ ವೈದ್ಯ 1876ರಲ್ಲಿ ಪುಸ್ತಕ ಬರೆದು, ಹುಟ್ಟು ಅಪರಾಧಿಯನ್ನು ದವಡೆ, ಹಣೆ, ಕಿವಿ ನೋಡಿಯೇ ಗುರುತಿಸಬಹುದು ಎಂದ. ವಿದ್ಯಾರ್ಥಿಗಳಿಗೆ ಭಾರಿ ಮೋಜು. ಪಕ್ಕದವನ ಕಿವಿ ಹಿಡಿದು ಅಳೆಯುವವರೇ ಎಲ್ಲ. 1913ರಲ್ಲಿ ಇಂಗ್ಲೆಂಡಿನ ಜೈಲು ವೈದ್ಯ ಗೋರಿಂಗ್ ಮೂರು ಸಾವಿರ ಕೈದಿಗಳನ್ನು ಅಳೆದ. ಆಕ್ಸ್‌ಫರ್ಡ್, ಕೇಂಬ್ರಿಜ್ ಹುಡುಗರ ಅಳತೆಯ ಜೊತೆಗೂ ಹೋಲಿಸಿದ. ಅಪರಾಧಿಯದು ಎಂಬಂಥ ಮುಖವೇ ಇಲ್ಲವೆಂದ. ಪಠ್ಯಪುಸ್ತಕ ಅಲ್ಲಿಗೆ ಪುಟ ತಿರುವುತ್ತದೆ.

ನಮ್ಮ ಕಥೆ ಬೇರೆ. ಇಲ್ಲಿ ಸಿದ್ಧಾಂತಕ್ಕಿಂತ ಮೊದಲೇ ಕಾಯ್ದೆ ಬಂದಿತ್ತು. ಲೊಂಬ್ರೋಸೊನ ಪುಸ್ತಕಕ್ಕೆ ಐದು ವರ್ಷ ಮೊದಲು, 1871ರಲ್ಲಿ, ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಉತ್ತರ ಭಾರತದಲ್ಲಿ ಜಾರಿಯಾಯಿತು. ಅದರ ಹಿಂದಿನ ತರ್ಕ ಸರಳ: ಬಡಿಗನ ಮಗ ಬಡಿಗ, ನೇಕಾರನ ಮಗ ನೇಕಾರ, ಹಾಗೆಯೇ ಕಳ್ಳನ ಮಗ ಕಳ್ಳ. ಬುರುಡೆ ಅಳೆಯುವ ತಾಪತ್ರಯವೇ ಬೇಡ, ಜಾತಿ ಕೇಳಿದರೆ ಸಾಕು. ಇದನ್ನು ಬಿಳಿಯರ ಪೂರ್ವಗ್ರಹವೆಂದು ದೂರಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಆ ತರ್ಕ ಅವರಿಗೆ ಸಿಕ್ಕಿದ್ದು ನಮ್ಮ ಅಂಗಳದಲ್ಲೇ.

1911ರ ಹೊಸ ಕಾಯ್ದೆಯೊಂದಿಗೆ ಈ ವ್ಯವಸ್ಥೆ ಬ್ರಿಟಿಷ್ ಇಂಡಿಯಾ ತುಂಬ ಹರಡಿತು. ಸರ್ಕಾರ ಒಂದು ಜನಾಂಗದ ಹೆಸರು ಪ್ರಕಟಿಸಿದರೆ ಮುಗಿಯಿತು, ಯಾವ ಕೋರ್ಟೂ ಅದನ್ನು ಪ್ರಶ್ನಿಸುವಂತಿರಲಿಲ್ಲ. ಹೆಸರು ರಿಜಿಸ್ಟರಿಗೆ, ಬೆರಳಚ್ಚು ಪೊಲೀಸರಿಗೆ. ಹಾಜರಿ ಕೊಡಬೇಕು, ಊರು ಬಿಡಲು ಪಾಸು ಬೇಕು.

ಕೊರಚರನ್ನೇ ನೋಡಿ. ಅವರಲ್ಲಿ ಉಪ್ಪು ಕೊರಚರೆಂಬ ಒಂದು ಪಂಗಡವಿದೆ. ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿಕೊಂಡು ಒಳನಾಡಿಗೆ ಬಂದು, ಧಾನ್ಯಕ್ಕೆ ಬದಲಿಸಿ, ದಾರಿಯುದ್ದಕ್ಕೂ ಬುಟ್ಟಿ ಚಾಪೆ ಹೆಣೆದು ಮಾರುತ್ತಿದ್ದ ಜನ. ರೈಲು ಬಂದು ಹೇರನ್ನು ಕಿತ್ತುಕೊಂಡಿತು. ಸರ್ಕಾರದ ಉಪ್ಪಿನ ನೀತಿ ಸರಕನ್ನೇ ಕಿತ್ತುಕೊಂಡಿತು. ಅರಣ್ಯ ಕಾನೂನು ಬಿದಿರನ್ನೂ ಮೇವನ್ನೂ ಮುಟ್ಟಗೊಡಲಿಲ್ಲ. ಹಳೆ ಮೈಸೂರಿನವರು ಧಾತು ಈಶ್ವರ ಬರವೆನ್ನುವ 1876–78ರ ಬರದಲ್ಲಿ ದನಗಳೂ ಸತ್ತವು. ಮೀನಾ ರಾಧಾಕೃಷ್ಣ ಅವರು ಮದ್ರಾಸ್ ಪ್ರಾಂತದ ದಾಖಲೆಗಳಿಂದ ಈ ಸಂಗತಿಗಳನ್ನು ಹೆಕ್ಕಿ 2001ರಲ್ಲಿ ಪುಸ್ತಕವಾಗಿಸಿದ್ದಾರೆ. ಒಬ್ಬನ ಕಸುಬನ್ನು ಕೊಂದು, ಆಮೇಲೆ ಅವನಿಗೆ ಕಸುಬಿಲ್ಲ, ಆದ್ದರಿಂದ ಕಳ್ಳ ಎನ್ನುವುದು ಎಂಥ ನ್ಯಾಯ? (ಇದೇ ಕುಲದವಳಾಗಿ ರಂಗದ ಮೇಲೆ ಕಣಿ ಹೇಳುವ ಕೊರವಂಜಿಗೆ ಮಾತ್ರ ನಮ್ಮ ಚಪ್ಪಾಳೆ ಎಂದೂ ಕಡಿಮೆಯಾಗಲಿಲ್ಲ.)

ಮಕ್ಕಳ ವಿಷಯಕ್ಕೆ ಬಂದಾಗ ಈ ಕಾಯ್ದೆ ತನ್ನ ಬಾಯಿಂದಲೇ ಸಿಕ್ಕಿಬೀಳುತ್ತದೆ. 1897ರ ತಿದ್ದುಪಡಿ ನಾಲ್ಕರಿಂದ ಹದಿನೆಂಟು ವರ್ಷದ ಹುಡುಗರನ್ನು ತಂದೆತಾಯಿಯಿಂದ ಬೇರ್ಪಡಿಸಿ ಸುಧಾರಣಾ ಕೇಂದ್ರದಲ್ಲಿಡಲು ಅನುಮತಿ ಕೊಟ್ಟಿತು. ಕಳ್ಳತನ ರಕ್ತದಲ್ಲೇ ಇದ್ದರೆ ನಾಲ್ಕು ವರ್ಷದ ಕೂಸನ್ನು ತಾಯಿಯ ಮಡಿಲಿನಿಂದ ಎಳೆದು ಏನು ಪ್ರಯೋಜನ? ಪರಿಸರದಿಂದ ಬರುತ್ತದೆ ಎನ್ನುವುದಾದರೆ, ಹುಟ್ಟಿದ ಜಾತಿಗಾಗಿ ಅಪ್ಪನನ್ನು ರಿಜಿಸ್ಟರಿಗೆ ಏಕೆ ಹಾಕಬೇಕಿತ್ತು? ತರಗತಿಯಲ್ಲಿ ನಾವು ಎದುರುಬದುರು ನಿಲ್ಲಿಸಿ ಕಲಿಸುವ ಎರಡು ಸಿದ್ಧಾಂತಗಳು ಇಲ್ಲಿ ಒಂದೇ ಕಾಯ್ದೆಯ ಹೊಟ್ಟೆಯಲ್ಲಿ ಜಗಳವಿಲ್ಲದೆ ಇದ್ದವು. ಎರಡೂ ಒಂದೇ ಮನೆಯ ಮೇಲೆ ಬಿದ್ದವು.

ಮುಂಬಯಿ ಪ್ರಾಂತದಲ್ಲಿ ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿಯ ಉಸ್ತುವಾರಿಯಲ್ಲಿ ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ರಿಜಿಸ್ಟರಿಗೆ ಸೇರಿದವರಿಗಾಗಿ ವಸಾಹತುಗಳು ಎದ್ದವು. ಹುಬ್ಬಳ್ಳಿಯಲ್ಲಿ ಆ ಭಾಗವನ್ನು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಅಲ್ಲಿನವರಿಗೆ ಗಿರಣಿಯ ಕೆಲಸ ಸಿಕ್ಕಿತು, ಮಕ್ಕಳಿಗೆ ಶಾಲೆ ಸಿಕ್ಕಿತು. ಅದನ್ನು ಅಲ್ಲಗಳೆಯಲಾರೆ. ಆದರೆ ಹಾಜರಿ ತಪ್ಪಿಸಿದರೆ ಶಿಕ್ಷೆಯಿರುವ ಕೂಲಿಗಾರ ಮುಷ್ಕರ ಹೂಡಲಾರ ಎಂಬುದು ಗಿರಣಿಯವರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಯೋಚನೆ ಬೇರೆ ದಾರಿ ಹಿಡಿದಿತ್ತು. 1938ರಲ್ಲಿ ವಿದ್ವಾಂಸ ಟ್ಯಾನನ್‌ಬಾಮ್, ಹುಡುಗನಿಗೆ ಕೆಟ್ಟವನೆಂಬ ಹಣೆಪಟ್ಟಿ ಹಚ್ಚುವುದೇ ಅವನನ್ನು ಕೆಟ್ಟವನಾಗಿ ಮಾಡುತ್ತದೆ ಎಂದು ಬರೆದ. 1942ರಲ್ಲಿ ಶಾ ಮತ್ತು ಮೆಕೇ ಎಂಬ ಸಮಾಜಶಾಸ್ತ್ರಜ್ಞರು ಶಿಕಾಗೋದ ನಕ್ಷೆ ಹರಡಿ ತೋರಿಸಿದರು: ಜರ್ಮನರು, ಐರಿಷರು ಹೋಗಿ ಪೋಲರು, ಇಟಾಲಿಯನ್ನರು ಬಂದರೂ ಬಾಲಾಪರಾಧ ಹೆಚ್ಚಿದ್ದ ಕೇರಿಗಳು ಅವೇ ಆಗಿದ್ದವು. ದೋಷ ಜನಾಂಗದ್ದಲ್ಲ, ಕೇರಿಯ ಸ್ಥಿತಿಯದು. ಶಿಕಾಗೋದಲ್ಲಿ ಕೈಗೆ ನಾಲ್ಕು ಕಾಸು ಬಂದವನು ಕೇರಿ ಬಿಟ್ಟು ಹೋಗಬಹುದಿತ್ತು. ಹುಬ್ಬಳ್ಳಿಯಲ್ಲಿ ಹೋಗಲು ಪಾಸು ಬೇಕಿತ್ತು.

ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು ಪರಿಶೀಲಿಸಿದ ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ವಿಮುಕ್ತರು ಎಂಬ ಹೆಸರು ಬಂತು. ಅದರ ಬೆನ್ನಿಗೇ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ಕರ್ನಾಟಕದ್ದು 1961ರದು. ಇದರಲ್ಲಿ ಜಾತಿಯ ಹೆಸರಿಲ್ಲ, ವ್ಯಕ್ತಿಯ ಹಿಂದಿನ ಶಿಕ್ಷೆಯೇ ಆಧಾರ. ಆದರೂ ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೊಂದಿಗೆ ಎಣಿಸುವ ಸಾಲುಗಳು ಹಾಗೆಯೇ ಉಳಿದಿದ್ದವು. ಅಂಥ ನಿಯಮಗಳನ್ನು ಸುಪ್ರೀಂ ಕೋರ್ಟ್ ಅಸಾಂವಿಧಾನಿಕವೆಂದು ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ.